ಇಳಿಜಾರಿನ ನೆಲ

ನಮಾಜು ಮುಗಿದಿತ್ತು. ಹಿಂದಿನ ಸಾಲುಗಳಲ್ಲಿ ಅಕ್ಕಪಕ್ಕದವರು ಕೈಕುಲುಕಿ 'ದೇವರು ಒಪ್ಪಿಕೊಳ್ಳಲಿ' ಎಂದು ಹೇಳಿಕೊಳ್ಳುತ್ತಿದ್ದರು. ಎಲ್ಲರಿಗೂ ಮುಂದೆ ಒಂಟಿಯಾಗಿ, ಮೆಕ್ಕಾದ ದಿಕ್ಕಿಗೆ, ಕಿಬ್ಲಾದ ಕಡೆ ಮುಖ ಮಾಡಿ ಗಾಲಿಕುರ್ಚಿಯಲ್ಲಿ ಕೂತಿದ್ದ ಹೊಜ್ಜತ್ ಮಾತ್ರ ತಿರುಗಲಿಲ್ಲ. ಕಾಲಿನ ಮೇಲಿನ ಹಸಿರು ಹೊದಿಕೆಯ ಅಂಚನ್ನು ತೊಡೆಯ ಕೆಳಗೆ ಇನ್ನಷ್ಟು ಸಿಕ್ಕಿಸಿಕೊಂಡು ಜಪಮಣಿ ಜಾರಿಸುತ್ತ ಕೂತ. ಬೇಸಗೆಯಲ್ಲೂ ಕಾಲು ಹೊದ್ದು ಕೂರುವುದು ಆ ಆರೈಕೆಮನೆಯಲ್ಲಿ ಎಲ್ಲರ ರೂಢಿ. ಕಡ್ಡಿಯಂತಾದ ತಮ್ಮ ಕಾಲುಗಳನ್ನು ತಾವೇ ನೋಡಲಾರದವರು ಅಲ್ಲಿದ್ದವರೆಲ್ಲ. ಇರಾಕಿನ ಜೊತೆಗಿನ ಯುದ್ಧ ನಿಂತು ಏಳೆಂಟು ವರ್ಷವಾಗಿ, ಇಸ್ಫಹಾನಿನ ಗೋಡೆಗಳ ಮೇಲೆ ಬರೆದಿದ್ದ ಇವರ ಹೊಗಳಿಕೆ ಬಿಸಿಲಿಗೆ ಮಾಸತೊಡಗಿತ್ತು. ಬೆನ್ನು ಮುರಿದವರು ಮಾತ್ರ ಹಾಗೆಯೇ ಉಳಿದಿದ್ದರು. ಹೊಜ್ಜತ್‌ನ ತುಟಿ ಅಲುಗುತ್ತಿತ್ತು, ಆದರೆ ಅದರ ಮೇಲೆ ದೇವರ ಹೆಸರಿರಲಿಲ್ಲ. ಹೋಗಿ, ಎಲ್ಲರೂ ಹೋಗಿ, ಊಟದ ಹೊತ್ತಾಯಿತು, ಹೋಗಿ ಎಂದು ಅವನು ಒಳಗೊಳಗೇ ಗೋಗರೆಯುತ್ತಿದ್ದ. ಹಿಂದೆ ಯಾರೋ ಪಿಸುಗುಟ್ಟಿದರು: "ನೋಡು, ಎಷ್ಟು ತನ್ಮಯ. ಇಂಥೋರ ಹಿಂದೆ ಕೂರೋಕೂ ಪುಣ್ಯ ಬೇಕು." ಆ ಮಾತು ಇಂಥ ಹೊತ್ತಿನಲ್ಲೂ ಹಿತವಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ನಮಾಜು ನಡೆಸುವವನು ಕೂರುವ ಆ ಮುಂದಿನ ಜಾಗ ಮೊದಲು ಯದೊಲ್ಲಾನದು. ಕೂತವನ ಹಿಂದೆ ನಿಂತವರು ನಮಾಜು ಮಾಡುವಂತಿಲ್ಲ. ಆದರೆ ಕೂತವರೇ ತುಂಬಿದ ಮನೆಯಲ್ಲಿ ಆ ತೊಡಕಿರಲಿಲ್ಲ. ಎಲ್ಲರ ತೊಡೆಗೂ ಮೂತ್ರದ ಚೀಲ ಕಟ್ಟಿತ್ತು, ನಮಾಜಿಗೆ ಮುಂಚಿನ ಶುದ್ಧಿಯಾದ ವುಜುವೂ ಎಲ್ಲರದೂ ಅಷ್ಟಕ್ಕಷ್ಟೇ, ತೊಳೆದುಕೊಂಡ ಕೈಕಾಲು ಆರುವ ಮೊದಲೇ ಹನಿ ಮೂತ್ರಕ್ಕೆ ಮುರಿಯುವಂಥದ್ದು. ಆದ್ದರಿಂದ ಒಳ್ಳೆಯ ಕಂಠದವನು ಮುಂದೆ ಕೂತಿದ್ದ. ಆಮೇಲೆ ಹೊಜ್ಜತ್ ತೆಹರಾನಿಗೆ ಹೋಗಿ ಹೊಟ್ಟೆಯ ಚರ್ಮದ ಕೆಳಗೆ ಬಿಲ್ಲೆಯೊಂದನ್ನು ಹೂಳಿಸಿಕೊಂಡು ಬಂದ. ಬಿಲ್ಲೆಯಿಂದ ಹೊರಟ ತಂತಿಗಳು ಬೆನ್ನುಹುರಿಯ ತುದಿಯ ನರಗಳನ್ನು ತಬ್ಬಿಕೊಂಡಿದ್ದವು. ಹೊರಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಅಂಗೈಯಗಲದ ತಟ್ಟೆ. ತಟ್ಟೆಯನ್ನು ಹೊಟ್ಟೆಯ ಮೇಲಿಟ್ಟು ಗುಂಡಿ ಒತ್ತಿದರೆ ಒಳಗೆ ಮಿಂಚು ಹೋಗಿ ಮೂತ್ರಕೋಶ ಹಿಂಡಿಕೊಳ್ಳುತ್ತಿತ್ತು. ಒತ್ತಿದಾಗ ಬರುವುದಿಲ್ಲ, ಬಿಟ್ಟಾಗ ಬರುತ್ತದೆ, ಒಂದು ಚಿಮ್ಮು, ಮತ್ತೆ ಒತ್ತಿದರೆ ಇನ್ನೊಂದು. ಮಿಕ್ಕ ಹೊತ್ತು ಒಣ. ಚೀಲ ಬಿಚ್ಚಿ ಎಸೆದ ದಿನ ಅವನು ಗಂಡಸಿನ ಹಾಗೆ ಉಸಿರಾಡಿದ. 'ವುಜು ನಿಲ್ಲುವವನು ಒಬ್ಬ ಇರುವಾಗ ಮಿಕ್ಕವರು ಮುಂದೆ ಕೂರುವುದು ಸರಿಯಲ್ಲ' ಎಂದು ಹಿರಿಯರು ಹೇಳಿದರು. ಯದೊಲ್ಲಾ ತಾನೇ ಕುರ್ಚಿ ಹಿಂದಕ್ಕೆ ತಳ್ಳಿಕೊಂಡ. ಅವನೂ ತೆಹರಾನಿಗೆ ಹೋಗಿ ಕೇಳಿ ಬಂದಿದ್ದ. ಅವನಿಗೆ ಪೆಟ್ಟು ಬಿದ್ದದ್ದು ತೀರ ಕೆಳಗೆ, ನರದ ಬೇರುಗಳೇ ಸುಟ್ಟುಹೋಗಿದ್ದವು, ಮಿಂಚು ಕೊಟ್ಟರೂ ಹಿಡಿಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. "ನಿಂದು ರೇಡಿಯೋ, ನಂದು ಬರೀ ತಗಡು," ಎಂದು ನಕ್ಕಿದ್ದ. ದಿನಾ ಕೇಳುತ್ತಿದ್ದ: "ಏನಪ್ಪಾ ಹಾಜಿ, ಇವತ್ತು ಯಾವ ಸ್ಟೇಷನ್ ಹಿಡೀತು?" ಎಲ್ಲರೂ ನಗುತ್ತಿದ್ದರು. ಹೊಜ್ಜತ್ ನಗುತ್ತಿರಲಿಲ್ಲ. ಮುಂದೆ ಕೂತವನು ಹಗುರಾಗಬಾರದು ಎಂದು ಅವನಿಗೆ ಅಷ್ಟರಲ್ಲಾಗಲೇ ಅನ್ನಿಸತೊಡಗಿತ್ತು.

ಒಂದನ್ನು ಪಡೆಯುವುದಕ್ಕೆ ಇನ್ನೊಂದನ್ನು ಕತ್ತರಿಸಬೇಕಿತ್ತು. ಮೂತ್ರಕೋಶದಿಂದ ಮೇಲೆ ಸುದ್ದಿ ತರುವ ನರಗಳು ಇರುವವರೆಗೆ ಅದು ತನ್ನಿಷ್ಟಕ್ಕೆ ಹಿಂಡಿಕೊಂಡು ಒದ್ದೆ ಮಾಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಕತ್ತರಿಸಿದರೆ ಒದ್ದೆ ನಿಲ್ಲುತ್ತದೆ. ಅದರ ಜೊತೆಗೆ ಇನ್ನೊಂದೂ ನಿಲ್ಲುತ್ತದೆ. ಹೆಂಡತಿ ಬತೂಲ್ ಮೈ ಒರೆಸುವಾಗಲೋ ಹಾಸಿಗೆಯಲ್ಲಿ ಹೊರಳಿಸುವಾಗಲೋ ಅವನಿಗೆ ಗೊತ್ತೇ ಆಗದೆ ಅವನ ಗಂಡಸುತನ ಎಚ್ಚೆತ್ತುಕೊಳ್ಳುತ್ತಿತ್ತು, ಬತೂಲಳ ಮುಖ ನೋಡಿ ಅವನಿಗೆ ತಿಳಿಯುತ್ತಿತ್ತು. ಮಗುವಿನ ಆಸೆಯನ್ನೆಲ್ಲ ಅವಳು ಆ ಎಚ್ಚರಕ್ಕೇ ತೂಗುಹಾಕಿದ್ದಳು. 'ಹೆಂಡತಿಯ ಜೊತೆ ಮಾತಾಡಿದ್ದೀರಾ?' ಎಂದು ಡಾಕ್ಟರು ಕೇಳಿದಾಗ ಹೊಜ್ಜತ್ 'ಹೌದು, ಒಪ್ಪಿದ್ದಾಳೆ' ಎಂದ. ಮನೆಯಲ್ಲಿ ಅವಳಿಗೆ ಹೇಳಿದ್ದು ಪೆಟ್ಟಿಗೆಯ ವಿಷಯ ಮಾತ್ರ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಗುಂಡಿ ಒತ್ತಿದಾಗ ಅವನ ಸತ್ತ ಕಾಲಿನ ಬೆರಳುಗಳು ಒಟ್ಟಿಗೆ ಮೇಲೆದ್ದವು. ಬತೂಲ್ ಅದನ್ನು ನೋಡಿ, ನಡೆಯುತ್ತೀರಿ, ದೇವರಾಣೆ ನಡೆಯುತ್ತೀರಿ ಎಂದು ಅಳುತ್ತ ಆ ಪಾದಗಳನ್ನು ಹಿಡಿದುಕೊಂಡಳು. ಮಿಂಚು ಅಕ್ಕಪಕ್ಕದ ನರಕ್ಕೂ ತಗಲುತ್ತದೆ, ಅಷ್ಟೇ ಎಂದು ಅವನು ವಿವರಿಸಿದ. ತಿಂಗಳುಗಳು ಕಳೆದ ಮೇಲೆ ಮಿಕ್ಕದ್ದೂ ಅವಳಿಗೆ ತಾನಾಗಿ ಅರ್ಥವಾಗಿರಬೇಕು. ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಅವನಿಗೆ ಒಂದು ನೆಪವಾದರೂ ಸಿಗುತ್ತಿತ್ತು.

ಬೆಳಿಗ್ಗೆ ಕಲ್ಲಂಗಡಿ ಹೆಚ್ಚಿ ಮುಂದಿಡುತ್ತ ಅವಳೇ ನೆನಪಿಸಿದ್ದಳು. "ನಿನ್ನೆ ಕರೆಂಟ್ ಹೋಗಿತ್ತು. ಪೆಟ್ಟಿಗೆ ಚಾರ್ಜ್ ಆಗಿಲ್ಲ. ಒಂದು ಗಂಟೆ ಇಟ್ಟು ಹೋಗಿ." ಅವನು ಕಲ್ಲಂಗಡಿ ಬಾಯಿಗಿಡುತ್ತ "ನನ್ನ ಉಚ್ಚೆ ಲೆಕ್ಕ ನಿನಗ್ಯಾಕೆ?" ಎಂದಿದ್ದ. ಹಾಗೆ ಅಂದ ಮೇಲೆ ಪೆಟ್ಟಿಗೆಯನ್ನು ಚಾರ್ಜಿಗೆ ಇಡುವುದು ಸೋಲು. ಇನ್ನೆರಡು ಹೋಳು ತಿಂದು, ಚಹಾ ಕುಡಿದು ಹೊರಟ. ಆರೈಕೆಮನೆಯ ಬಚ್ಚಲಲ್ಲಿ ತಟ್ಟೆ ಇಟ್ಟು ಒತ್ತಿದಾಗ ಒಂದು ಚಿಮ್ಮು ಬಂತು, ಇನ್ನೊಂದು ಬಂತು, ಮೂರನೆಯದಕ್ಕೆ ಪೆಟ್ಟಿಗೆಯ ದೀಪ ಮಿಣುಕಿ ಆರಿತು. ಒಳಗೆ ಎಷ್ಟು ಉಳಿಯಿತೋ ಅವನಿಗೆ ತಿಳಿಯುವಂತಿರಲಿಲ್ಲ. ತಿಳಿಸುವ ನರವನ್ನೇ ದುಡ್ಡು ಕೊಟ್ಟು ಕತ್ತರಿಸಿಕೊಂಡವನು ಅವನು. ಮಷ್ದಿ ಗೊರ್ಬಾನ್‌ನ ಕಪಾಟಿನಲ್ಲಿ ಮೂತ್ರ ಇಳಿಸುವ ರಬ್ಬರು ನಳಿಗೆಗಳಿದ್ದವು, ಬಾಗಿಲು ತೆಗೆದು ಕೂಗಿದರೆ ಸಾಕಿತ್ತು. ಆ ಮನೆಯ ಕೆಲಸವನ್ನೆಲ್ಲ ಹೊತ್ತ ಗೊರ್ಬಾನ್‌ಗೆ ನಳಿಗೆ ಕೊಡುವುದೆಂದರೆ ಚಮಚ ಕೊಟ್ಟ ಹಾಗೆ. ಆದರೆ ಅವನ ಬಾಯಿ ಊರಬಾಗಿಲು. 'ಹಾಜಿ ಪೆಟ್ಟಿಗೆ ಕೆಟ್ಟಿತಂತೆ' ಎಂದು ಅವನು ಪ್ರತಿ ಕೋಣೆಗೂ ಅನ್ನದ ತಟ್ಟೆಯ ಜೊತೆ ಸುದ್ದಿಯನ್ನೂ ಹಂಚುತ್ತಾನೆ. ಹೊರಗಿನಿಂದ ಯದೊಲ್ಲಾನ ದನಿ ಬಂತು: "ಹಾಜಿ, ಸ್ಟೇಷನ್ ಸಿಗಲಿಲ್ವಾ? ಸಾಲು ಕಾಯ್ತಿದೆ." ಹೊಜ್ಜತ್ ಕೈ, ಮುಖ ತೊಳೆದು, ಒದ್ದೆ ಬೆರಳನ್ನು ತಲೆಗೂ ಪಾದಕ್ಕೂ ಸವರಿ ಹೊರಗೆ ಬಂದ.

ನಮಾಜಿನ ಎರಡನೆಯ ಸುತ್ತಿನಲ್ಲಿ, ಪ್ರಾರ್ಥನೆಗೆ ಅಂಗೈಗಳನ್ನು ಮುಖದ ಮುಂದೆ ಹರಡಿಕೊಂಡಾಗ, ಎರಡು ಕೈಗಳ ನಡುವಿನ ಸಂದಿಯಲ್ಲಿ ಅವನಿಗೆ ಅದು ಕಂಡಿತು. ಪಾದದ ಹಲಗೆಯ ಅಂಚಿನಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಬಾಗಿದಾಗೆಲ್ಲ ಹೊಟ್ಟೆ ಮಡಿಸಿಕೊಂಡು ತುಂಬಿದ ಕೋಶ ತುಳುಕುತ್ತಿತ್ತು. ಆ ಕೋಣೆ ಮೊದಲು ವಾರ್ಡು, ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಹಿಂದಿನ ಮೋರಿಯ ಕಡೆಗೆ ಇಳಿಜಾರು ಮಾಡಿದ್ದರು. ಹನಿಗಳು ಕೂಡಿ, ದಾರದಂತೆ ಎಳೆದುಕೊಂಡು, ಅವನ ಗಾಲಿಯ ಕೆಳಗಿನಿಂದ ಹಿಂದಕ್ಕೆ ಹೋಗುತ್ತಿದ್ದವು. ಅವನ ಬೆನ್ನಿಗೇ ಕೂತವನು ಯದೊಲ್ಲಾ. ಮುಂದಿನವನ ವುಜು ಮುರಿದರೆ ಪಕ್ಕಕ್ಕೆ ಸರಿಯಬೇಕು, ಹಿಂದಿನವನೊಬ್ಬ ಮುಂದುವರಿಸುತ್ತಾನೆ. ಇದನ್ನು ಅಲ್ಲಿನವರಿಗೆಲ್ಲ ಹೇಳಿಕೊಟ್ಟವನೇ ಹೊಜ್ಜತ್. ಗಾಲಿಯನ್ನು ಅರ್ಧ ಸುತ್ತು ತಿರುಗಿಸಿದರೆ ಆಗುತ್ತಿತ್ತು. ಕೈ ಗಾಲಿಯ ಅಂಚಿನವರೆಗೂ ಇಳಿಯಿತು. ಆಗ ಅವನ ಕಣ್ಣೆದುರು ಬಂದದ್ದು ದೇವರಲ್ಲ, ಯದೊಲ್ಲಾ ತನ್ನ ಒಳ್ಳೆಯ ಕಂಠ ಸರಿಮಾಡಿಕೊಂಡು ಮುಂದೆ ಬರುವ ದೃಶ್ಯ. ಕೈಯನ್ನು ಮತ್ತೆ ಮೇಲೆತ್ತಿ, ನೆಲಕ್ಕೆ ಹಣೆ ಹಚ್ಚಲಾಗದವರು ಬಳಸುವ ಮಣ್ಣಿನ ಬಿಲ್ಲೆಯನ್ನು ಹಣೆಗೆ ಒತ್ತಿಕೊಂಡು, ಎಂದಿಗಿಂತ ದೊಡ್ಡ ದನಿಯಲ್ಲಿ ದೇವರ ಪರಿಶುದ್ಧತೆಯನ್ನು ಹೊಗಳಿದ.

ಈಗ ಹಿಂದೆ ಗಾಲಿಗಳು ತಿರುಗುತ್ತಿದ್ದವು. ಮಷ್ದಿ ಗೊರ್ಬಾನ್‌ನ ಚಪ್ಪಲಿ ಸದ್ದು ಹತ್ತಿರ ಬಂದು ನಿಂತಿತು.

"ಏನಿದು ನೀರು? ಯಾರು ಚೆಲ್ಲಿದ್ದು?" ಗೊರ್ಬಾನ್ ಬಗ್ಗಿ ಮೂಸಿದ. "ನೀರಲ್ಲ ಇದು. ಯದೊಲ್ಲಾ, ನಿನ್ನ ಚೀಲ ಒಡೆದಿದೆ ನೋಡು."

"ನಂದಾ?"

"ಇನ್ಯಾರದು? ನಿನ್ನ ಗಾಲಿ ಸುತ್ತ ಕೆರೆಯಾಗಿದೆ."

ಯದೊಲ್ಲಾ ಕಾಲಿನ ಬಳಿ ತಡವಿದ. ಅಲ್ಲಿ ಯಾರಿಗೂ ತಮ್ಮ ಒದ್ದೆ ತಮಗೆ ತಿಳಿಯದು, ಮೈ ಅಷ್ಟರಮಟ್ಟಿಗೆ ಪರರದಾಗಿಬಿಟ್ಟಿತ್ತು. ಚೀಲದ ತಿರುಪು ದಿನವೂ ಇರುವಂತೆ ಸ್ವಲ್ಪ ತೇವವಾಗಿತ್ತು. ಅವನು ಬೆರಳನ್ನು ಮೇಲೆತ್ತಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳ ಎನ್ನುತ್ತದೆ ಲೋಕ. ಕದಿಯದವನೂ ಮುಟ್ಟಿಕೊಳ್ಳುತ್ತಾನೆ ಎನ್ನುವುದು ಲೋಕಕ್ಕೆ ಬೇಕಿಲ್ಲ.

"ನಂದೇ ಇರಬೇಕು," ಎಂದ ಯದೊಲ್ಲಾ. "ಇಷ್ಟು ವರ್ಷ ತೊಡೆಗೆ ಅಂಟಿಕೊಂಡಿದ್ದವಳು, ಕೊನೆಗೂ ಕೈ ಕೊಟ್ಲು."

ಯಾರೂ ನಗಲಿಲ್ಲ. "ಕಾರ್ಪೆಟ್ಟಿನ ಅಂಚಿಗೂ ಹೋಗಿದೆ," ಎಂದು ಗೊರ್ಬಾನ್ ಗೊಣಗಿದ. "ತೊಳೆಯೋನು ನಾನು ತಾನೇ. ನಾಳೆಯಿಂದ ನೀನು ಜಗುಲೀಲಿ ಕೂತ್ಕೊ, ಕೆಳಗೆ ಪ್ಲಾಸ್ಟಿಕ್ ಹಾಸ್ತೀನಿ. ಒಬ್ಬ ಹೊಲಸು ಮಾಡಿ ಎಲ್ಲರ ನಮಾಜು ಕೆಡೋದು ಬೇಡ. ಹಾಜಿ, ನೀವೇ ಹೇಳಿ, ನಾನಂದಿದ್ದು ತಪ್ಪಾ?"

ಹೊಜ್ಜತ್ ತಿರುಗದೆಯೇ ಹೇಳಿದ: "ಶುದ್ಧದ ವಿಷಯದಲ್ಲಿ ದಾಕ್ಷಿಣ್ಯ ಇಟ್ಕೋಬಾರದು."

ಹೇಳಿದ ಮೇಲೆ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಮದುವೆಗೂ ಮುಂಚೆ, ಗುಂಡು ತಗಲಿ ಈ ಮನೆಗೆ ಬಂದ ಮೊದಲ ವಾರ ಅವನು ಹಾಸಿಗೆ ಬಟ್ಟೆ ಬದಲಿಸಲು ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ನಾತದಲ್ಲೇ ಹಲ್ಲು ಕಚ್ಚಿ ಮಲಗಿದ್ದ. ಪಕ್ಕದ ಮಂಚದ ಯದೊಲ್ಲಾ ತನ್ನ ಚೀಲವನ್ನು ಅವನ ಎದುರೇ ಬಿಚ್ಚಿ, ಬಾಟಲಿಗೆ ಸುರಿದು, ಎತ್ತಿ ಹಿಡಿದು, "ನೋಡು, ನಮ್ಮ ಕಾರ್ಖಾನೆಗೆ ಶುಕ್ರವಾರವೂ ರಜ ಇಲ್ಲ," ಎಂದಿದ್ದ. ಹೊಜ್ಜತ್ ಅಂದು ನಕ್ಕಿದ್ದ, ನಗುತ್ತ ಅತ್ತಿದ್ದ, ಆಮೇಲೆ ಬಟ್ಟೆ ಬದಲಿಸಲು ಬಿಟ್ಟಿದ್ದ. ಅದೇ ಯದೊಲ್ಲಾ ಈಗ ಎಲ್ಲರೂ ಹೋದ ಮೇಲೆ ಕುರ್ಚಿ ತಳ್ಳಿಕೊಂಡು ಪಕ್ಕಕ್ಕೆ ಬಂದ. ಅವನಿಗೆ ನಾತ ಬಡಿಯುತ್ತದೆ ಎಂದು ಹೊಜ್ಜತ್ ಉಸಿರು ಬಿಗಿಹಿಡಿದ. ನಾತವನ್ನೆಲ್ಲ ತನ್ನದೇ ಎಂದುಕೊಂಡವನು ಯದೊಲ್ಲಾ.

"ಹಾಜಿ, ನನ್ನಿಂದ ನಿನ್ನ ನಮಾಜಿಗೂ ಮೈಲಿಗೆ ಆಯ್ತು. ಹಲಾಲ್ ಮಾಡಿಬಿಡು," ಎಂದ. ಸಾಯುವ ಮುಂಚೆ, ದೂರ ಹೊರಡುವ ಮುಂಚೆ ಜನ ಹಾಗೆ ಕೇಳಿಕೊಳ್ಳುತ್ತಾರೆ, ನನ್ನ ಮೇಲಿನ ನಿನ್ನ ಹಕ್ಕನ್ನು ಬಿಟ್ಟುಕೊಡು, ಕ್ಷಮಿಸು ಎಂದು.

"ಆಯ್ತು, ಬಿಡು," ಎಂದ ಹೊಜ್ಜತ್.

ಮನೆಯಲ್ಲಿ ಬತೂಲ್ ಹೊದಿಕೆ ಸರಿಸಿ, ಬಚ್ಚಲಿನ ಹಲಗೆಯ ಮೇಲೆ ಅವನನ್ನು ಎಳೆದು ಕೂರಿಸಿ, ಪ್ಯಾಂಟು ಬಿಚ್ಚಿದಳು. "ಎಲ್ಲಿ ನೆಂದ್ರಿ?" ಎಂದು ಕೇಳಿದಳು. "ವುಜು ಮಾಡೋವಾಗ ನಲ್ಲಿ ಸಿಡೀತು," ಎಂದ. ಅವಳು ಪ್ಯಾಂಟನ್ನು ಮೂಗಿನ ಬಳಿಗೆ ಒಯ್ದು, ಮುಖದಲ್ಲಿ ಏನೂ ತೋರಿಸದೆ ಬಕೆಟ್ಟಿಗೆ ಹಾಕಿದಳು. ಪೆಟ್ಟಿಗೆಯನ್ನು ಚಾರ್ಜಿಗೆ ಹಾಕಿ ತಂದು, ತಟ್ಟೆಯನ್ನು ತಾನೇ ಅವನ ಹೊಟ್ಟೆಯ ಮೇಲಿಟ್ಟು ಒತ್ತಿದಳು. ಕಾಲಿನ ಬೆರಳುಗಳು ಎದ್ದವು. ಬಿಟ್ಟಳು. ಚಿಮ್ಮಿತು.

"ಗೊರ್ಬಾನ್ ಹೆಂಡ್ತಿ ಫೋನ್ ಮಾಡಿದ್ಲು. ಯದೊಲ್ಲಾ ಅವರ ಚೀಲ ಒಡೀತಂತೆ."

ಅವಳು ಮತ್ತೆ ಒತ್ತಿದಳು, ಬಿಟ್ಟಳು.

"ಒಡೀತಾ?"

"ಹೂಂ. ಒಡೀತು."

ಅವಳ ಬೆರಳು ಗುಂಡಿಯಿಂದ ಮೇಲೆದ್ದು ಅಲ್ಲೇ ನಿಂತಿತು. ಅವನು ಕಾದ. ಹೊಟ್ಟೆಯ ಮೇಲೆ ಅವಳ ಅಂಗೈ ಇತ್ತು. ಅದು ಬಿಸಿಯೋ ತಣ್ಣಗೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿತ್ತು, ಅದನ್ನು ನೋಡುವ ಧೈರ್ಯವಿರಲಿಲ್ಲ.

"ಇನ್ನೂ ಇದೆ. ಒತ್ತು."

"ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದಳು ಬತೂಲ್ ಮೆಲ್ಲಗೆ. "ನಾಳೆ ಶುಕ್ರವಾರ. ನಾನೂ ಬರ್ತೀನಿ. ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಿ. ಅಷ್ಟೇ ನಾನು ಕೇಳೋದು. ಬೇರೇನಾದ್ರೂ ಕೇಳಿದ್ದೀನಾ ನಿಮ್ಮನ್ನ ಇವತ್ತಿನವರೆಗೆ?"

"ಹೇಳಿದ್ರೆ ಆ ಜಾಗ ಹೋಗುತ್ತೆ."

"ಆ ಜಾಗಕ್ಕೆ ನಂದೂ ಒಂದಿಷ್ಟು ಹೋಗಿದೆ. ನನ್ನನ್ನ ಕೇಳದೇನೇ ಹೋಗಿದೆ."

ಅಂತೂ ಆಡಿದಳು. ಇಷ್ಟು ದಿನ ಕಾದಿದ್ದ ಮಾತು ಕೊನೆಗೂ ಬಂದಾಗ ಅವನಿಗೆ ಅಳು ಬರಬೇಕಿತ್ತು, ಬಂದದ್ದು ರೋಷ. ಬೆತ್ತಲೆ ಕೂತವನ ರೋಷ. "ನಿಂದೇನು ಹೋಯ್ತು?" ಎಂದ. "ಮುರಿದವನನ್ನ ದೇವರಿಗೋಸ್ಕರ ಮದುವೆಯಾದ್ಲು ಅಂತ ಊರೆಲ್ಲ ಹೊಗಳ್ತು. ಅದಕ್ಕೇ ತಾನೇ ಆಗಿದ್ದು? ಹೊಗಳಿಕೆ ಸಿಕ್ತಲ್ಲ. ಮಗೂನೂ ಬೇಕಿದ್ರೆ ಕಾಲು ಗಟ್ಟಿ ಇರೋನನ್ನ ಕಟ್ಕೋಬೇಕಿತ್ತು."

ಬತೂಲ್ ಗುಂಡಿ ಒತ್ತಿದಳು. ಕೊನೆಯ ಹನಿ ಬರುವವರೆಗೆ ಒತ್ತುತ್ತ ಬಿಡುತ್ತ ಕೆಲಸ ಮುಗಿಸಿ, ಅವನ ಮೈ ತೊಳೆದು, ಒರೆಸಿ, ತೊಡೆಸಂದಿಗೆ ಪೌಡರು ಹಾಕಿದಳು. ಮಗುವಿಗೆ ಹಾಕಿದ ಹಾಗೆ ಹಾಕಿದಳು ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದೇ ಕಣ್ಣು ಮುಚ್ಚಿಕೊಂಡ.

ಶುಕ್ರವಾರ ಊರಿನ ದೊಡ್ಡ ನಮಾಜಿಗೆ ಹೋಗಲಾಗದವರೆಲ್ಲ ಆರೈಕೆಮನೆಯಲ್ಲೇ ಸೇರುತ್ತಾರೆ, ಮನೆಯವರೂ ಬರುತ್ತಾರೆ. ಹೊಜ್ಜತ್ ಪೂರ್ತಿ ಖಾಲಿಯಾಗಿ, ಒಣಗಿದ ಬಟ್ಟೆಯಲ್ಲಿ, ಚಾರ್ಜು ತುಂಬಿದ ಪೆಟ್ಟಿಗೆಯ ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿಕೊಂಡು ಬಂದ. ಅಂದು ಅವನ ವುಜುವಿನಂಥ ವುಜು ಇಡೀ ಇಸ್ಫಹಾನಿನಲ್ಲಿ ಇರಲಿಲ್ಲ. ಹೆಂಗಸರು ಬಾಗಿಲ ಬಳಿ ಕೂತಿದ್ದರು, ಬತೂಲ್ ಮಾತ್ರ ಅವರಿಗಿಂತ ಈಚೆ, ಅವನ ಕುರ್ಚಿಗೆ ಹತ್ತಿರವೇ ನಿಂತಿದ್ದಳು. ಜಗುಲಿಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಮೇಲೆ ಯದೊಲ್ಲಾ. ಬಿಸಿಲು ಅವನ ಮಂಡಿಯವರೆಗೂ ಬಂದಿತ್ತು. ತುಟಿ ಬಿರಿದಿತ್ತು. ಬತೂಲ್ ಅವನಿಗೊಂದು ಲೋಟ ನೀರು ಕೊಡಹೋದಳು. "ಬೇಡ ತಂಗಿ," ಎಂದ ಅವನು, "ನಿನ್ನೆಯಿಂದ ಬಾಯಿಗೆ ನೀರು ಹಾಕಿಲ್ಲ. ಕಾರ್ಖಾನೆ ಮುಚ್ಚಿಸಿದ್ದೀನಿ. ಇನ್ನೊಂದು ಸಲ ಹಾಗಾದ್ರೆ ಗೊರ್ಬಾನ್ ನನ್ನನ್ನ ಮೋರೀಲೇ ಕೂರಿಸ್ತಾನೆ." ಅವಳು ಲೋಟ ಹಿಡಿದುಕೊಂಡೇ ಗಂಡನ ಕಡೆ ನೋಡಿದಳು.

ಯದೊಲ್ಲಾ ಒಳಗಿನವರಿಗೆಲ್ಲ ಕೇಳುವಂತೆ ದನಿ ಎತ್ತಿದ. "ಹಾಜಿ, ನಿನ್ನೆ ಗುಟ್ಟಾಗಿ ಕೇಳಿಕೊಂಡೆ. ಕೆಡಿಸಿದ್ದು ಎಲ್ಲರೆದುರು, ಕೇಳೋದೂ ಎಲ್ಲರೆದುರು. ಹಲಾಲ್ ಮಾಡಿದೀಯಾ?"

ಹೊಜ್ಜತ್ ಕುರ್ಚಿ ತಿರುಗಿಸಿದ. ನಾಲಿಗೆಯ ತುದಿಯಲ್ಲಿ ಮಾತು ಇತ್ತು, ನಿಜವಾಗಿಯೂ ಇತ್ತು. 'ನಂದು' ಎಂಬ ಒಂದೇ ಮಾತು ಸಾಕಿತ್ತು. ಬತೂಲಳ ಗದ್ದ ಒಂದಿಷ್ಟು ಕೆಳಗಾಯಿತು, ಹೇಳಿ ಎನ್ನುವ ಹಾಗೆ. ಸಾಲುಸಾಲು ಮುಖಗಳು ಅವನನ್ನೇ ನೋಡುತ್ತಿದ್ದವು, ಮುಂದಿರುವವನನ್ನು ನೋಡುವ ಹಾಗೆ. ಹಾಗೆ ನೋಡಿಸಿಕೊಳ್ಳುವುದು ಎಷ್ಟು ಚೆನ್ನಾಗಿತ್ತು.

"ಹಲಾಲ್ ಮಾಡಿದೀನಿ, ಯದೊಲ್ಲಾ," ಎಂದ. "ಮನಸ್ಸಿಗೆ ಹಚ್ಕೋಬೇಡ. ಇಂಥದ್ದು ಯಾರಿಗಾದ್ರೂ ಆಗುತ್ತೆ."

"ಹಾಜಿ ಮನಸ್ಸು ದೊಡ್ಡದು," ಎಂದ ಗೊರ್ಬಾನ್. ಒಪ್ಪಿಗೆಯ ಗುಜುಗುಜು ಸಾಲಿನಿಂದ ಸಾಲಿಗೆ ಹೋಯಿತು. ಹೊಜ್ಜತ್ ಕಿಬ್ಲಾದ ಕಡೆ ತಿರುಗಿ ಕೈ ಎತ್ತಿದ. ಬೆನ್ನ ಹಿಂದೆ ಕುರ್ಚಿ ಒಮ್ಮೆ ಹಗುರಾಗಿ ಅಲುಗಿದ ಹಾಗಾಯಿತು. ನಮಾಜಿನ ನಡುವೆ ತಿರುಗಿ ನೋಡುವಂತಿಲ್ಲ, ನೋಡಲಿಲ್ಲ. ಬಾಗಿದ, ಎದ್ದ, ಬಾಗಿದ. ನೆಲ ಒಣಗಿಯೇ ಇತ್ತು.

ಮುಗಿಸಿ ತಿರುಗಿದಾಗ ಬತೂಲ್ ಎಲ್ಲೂ ಇರಲಿಲ್ಲ. ಕೈ ಹಿಂದಕ್ಕೆ ಚಾಚಿ ತಡವಿದ. ಬಟ್ಟೆಯ ಚೀಲ ಜೋತುಬಿದ್ದಿತ್ತು, ಒಳಗೆ ಪೆಟ್ಟಿಗೆ ಇರಲಿಲ್ಲ.

"ನಿಮ್ಮ ಖಾನುಮ್ ಆಗಲೇ ಹೋದ್ರು," ಎಂದ ಗೊರ್ಬಾನ್. "ನಜಫಾಬಾದಿಗಂತೆ, ತಂದೆ ಮನೆಗೆ. ನಿಮಗೆ ಹೇಳಿದೀನಿ ಅಂದ್ರು. ಹೇಳಿಲ್ವಾ?"

"ಹೇಳಿದಾಳೆ," ಎಂದ ಹೊಜ್ಜತ್.

ಶುಕ್ರವಾರದ ಪಾನಕ ಬಂತು, ಪುದೀನ ಹಾಕಿದ ಸಿಕಂಜಬೀನ್, ಮೇಲೆ ಸೌತೆಕಾಯಿ ತುರಿ ತೇಲುತ್ತಿತ್ತು. ಮೊದಲ ಲೋಟ ಹಾಜಿಗೆ ಎಂದರು ಎಲ್ಲರೂ. ಅದನ್ನು ಯದೊಲ್ಲಾನೇ ಕೊಡಲಿ ಎಂದು ಯಾರೋ ಹೇಳಿದರು. ಯದೊಲ್ಲಾ ಪ್ಲಾಸ್ಟಿಕ್ಕಿನ ಮೇಲಿಂದಿಳಿದು, ಲೋಟವನ್ನು ತೊಡೆಗಳ ನಡುವೆ ಇಟ್ಟುಕೊಂಡು, ಎರಡೂ ಕೈಯಿಂದ ಗಾಲಿ ತಳ್ಳುತ್ತ ಬಂದ. ಒಂದು ಹನಿಯೂ ಚೆಲ್ಲಿರಲಿಲ್ಲ. ಗೊರ್ಬಾನ್‌ನ ಕಪಾಟು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ನಳಿಗೆಗಳು ಅದರೊಳಗೇ ಇದ್ದವು, ಕೇಳಬೇಕಷ್ಟೇ. ಯಾರ ಮುಂದೆ ಕೇಳುವುದು, ಏನೆಂದು ಕೇಳುವುದು.

"ತಗೋ," ಎಂದ ಯದೊಲ್ಲಾ, ಬಿರಿದ ತುಟಿಯಲ್ಲೇ ನಗುತ್ತ. "ನನ್ನ ಪಾಲಿಂದೂ ನೀನೇ ಕುಡಿ. ನಿನಗೇನಪ್ಪ ಭಯ, ರೇಡಿಯೋ ಇರೋನು."

ಎಲ್ಲರೂ ನೋಡುತ್ತಿದ್ದರು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಹೊಜ್ಜತ್ ಲೋಟವನ್ನು ಒಂದೇ ಉಸಿರಿಗೆ ಕುಡಿದ. ಕೆಳಗಿಡುವ ಮೊದಲೇ ಗೊರ್ಬಾನ್ ಜಗ್ಗು ಬಗ್ಗಿಸಿ ಅದನ್ನು ಮತ್ತೆ ಅಂಚಿನವರೆಗೆ ತುಂಬಿದ.